ಒಲೆ ಹಚ್ಚದ ದಿನ

ಮೆಂಗ್ ತಣ್ಣೀರು ಮುಟ್ಟುತ್ತಿರಲಿಲ್ಲ. ಮೆಲ್ಬರ್ನಿನ ಬೇಸಿಗೆಯಲ್ಲಿ ರಸ್ತೆಯ ಡಾಂಬರು ಮೆತ್ತಗಾಗುವ ದಿನವೂ ಅವಳ ಲೋಟದಲ್ಲಿ ಹಬೆಯಾಡುವ ಬಿಸಿನೀರು. ನಾನು ಫ್ರಿಜ್ಜಿನಿಂದ ಬಾಟಲಿ ತೆಗೆದರೆ, ಮಗು ಮಣ್ಣು ತಿನ್ನುವುದನ್ನು ಕಂಡವಳಂತೆ ನೋಡುವಳು. "ಅಕ್ಕಾ, ಹೊಟ್ಟೆ ಅಂದರೆ ಒಲೆ. ಉರಿಯುವ ಒಲೆಗೆ ಯಾರಾದರೂ ನೀರು ಸುರೀತಾರಾ?"

ಕ್ಲೇಟನ್ನಿನಲ್ಲಿ ನನ್ನ ಮಗಳ ಮನೆಗೂ ಮೆಂಗ್‌ಳ ಮಗ ವೇಯ ಮನೆಗೂ ನಡುವೆ ಒಂದು ಮರದ ಬೇಲಿ. ಚೀನಾದಿಂದ ಬಂದ ಅವಳದು ಲೈಬ್ರರಿ ಕ್ಲಾಸಿನಲ್ಲಿ ಕಲಿತ ತುಂಡು ಇಂಗ್ಲಿಷ್, ನನ್ನದು ಸರ್ಕಾರಿ ಇಂಗ್ಲಿಷ್. ಜಗಳವಾಡಲು ಸಾಕಾಗುತ್ತಿತ್ತು. ನಾನು ವಯಸ್ಸಿನಲ್ಲಿ ದೊಡ್ಡವಳೆಂದು ತಿಳಿದ ದಿನವೇ, ನಿಮ್ಮಲ್ಲಿ ದೊಡ್ಡವಳನ್ನು ಏನೆನ್ನುತ್ತಾರೆಂದು ಕೇಳಿ 'ಅಕ್ಕ' ಎಂಬ ಮಾತನ್ನು ಕಲಿತಿದ್ದಳು. ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದ ನನಗೆ ಹೊತ್ತಿಗೆ ಸರಿಯಾಗಿ ಬದುಕುವವರನ್ನು ಕಂಡರೆ ಗೌರವ. ಬೆಳಿಗ್ಗೆ ಆರಕ್ಕೆ ಮೆಂಗ್‌ಳ ಬಾಣಲೆ ಸದ್ದು ಮಾಡಲೇಬೇಕು.

ಒಂದು ಏಪ್ರಿಲ್ ಬೆಳಿಗ್ಗೆ ಆ ಸದ್ದು ಬರಲಿಲ್ಲ. ಏಳಾಯಿತು, ಎಂಟಾಯಿತು. ಹೋಗಿ ನೋಡಿದರೆ ಒಲೆ ತಣ್ಣಗಿದೆ. ಮೆಂಗ್ ಬೂದುಬಣ್ಣದ ಅಂಗಿ ತೊಟ್ಟು ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದಾಳೆ. ನನಗೆ ಅರ್ಥವಾಯಿತು. ನಮ್ಮೂರಿನಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಅಡುಗೆ ಮಾಡಿ ತಂದುಕೊಡುತ್ತಾರೆ, ಏನನ್ನೂ ಕೇಳುವುದಿಲ್ಲ. ನಾನೂ ಕೇಳದೆ ಬಂದು ಅನ್ನ, ಸಾರು, ಬೀನ್ಸ್ ಪಲ್ಯ ಮಾಡಿ ಡಬ್ಬಿ ಹೊತ್ತುಕೊಂಡು ಹೋದೆ.

ಅವಳು ಮುಚ್ಚಳ ತೆಗೆದು ಡಬ್ಬಿಯನ್ನು ಆರಲು ಬಿಟ್ಟಳು. ಕೊನೆಗೆ ನಾನೇ ತಡೆಯಲಾರದೆ, ಯಾರು ಹೋದರು ಎಂದೆ.

"ಒಬ್ಬ ಮನುಷ್ಯ. ಜೊತೆಗೆ ಅವನ ತಾಯಿ."

"ಯಾವಾಗ?"

"ಎರಡು ಸಾವಿರ ವರ್ಷದ ಮೇಲಾಯಿತು, ಅಕ್ಕಾ."

ಸಾರು ಆರುವವರೆಗೆ ಅವಳು ಹೇಳಿದಳು. ರಾಜ್ಯ ಕಳೆದುಕೊಂಡ ರಾಜಕುಮಾರನೊಬ್ಬ ಅಲೆಯುತ್ತಾ ಹಸಿವಿನಿಂದ ಸಾಯುವಂತಾದಾಗ, ಜೊತೆಗಿದ್ದ ಸೇವಕ ತನ್ನ ತೊಡೆಯ ಮಾಂಸ ಕೊಯ್ದು ಬೇಯಿಸಿ ಕೊಟ್ಟನಂತೆ. ರಾಜಕುಮಾರ ರಾಜನಾದ, ಎಲ್ಲರಿಗೂ ಪದವಿ ಹಂಚಿದ, ಇವನನ್ನು ಮರೆತ. ಇವನು ಕೇಳಲೂ ಇಲ್ಲ. ತಾಯಿಯನ್ನು ಕರೆದುಕೊಂಡು ಬೆಟ್ಟದ ಕಾಡು ಸೇರಿದ. ತಡವಾಗಿ ನೆನಪು ಮಾಡಿಕೊಂಡ ರಾಜ, ಹೊಗೆಗೆ ಹೊರಬರಲಿ ಎಂದು ಕಾಡಿಗೆ ಬೆಂಕಿ ಹಾಕಿಸಿದ. ಅವರು ಬರಲಿಲ್ಲ. ಸುಟ್ಟ ಮರವೊಂದರ ಬುಡದಲ್ಲಿ ಇಬ್ಬರೂ ಸಿಕ್ಕರು. ಪ್ರತಿ ವರ್ಷ ಆ ದಿನ ನಾಡಿನಲ್ಲಿ ಯಾರೂ ಬೆಂಕಿ ಹೊತ್ತಿಸಬಾರದೆಂದು ರಾಜ ಅಪ್ಪಣೆ ಮಾಡಿದ. ಆ ಬೆಟ್ಟ ಮೆಂಗ್‌ಳ ಊರಿನಿಂದ ಕಾಣುತ್ತದೆ.

ಪಕ್ಕದಲ್ಲಿ ಕೇಳುತ್ತಿದ್ದ ವೇ ನಕ್ಕ. ಅದೆಲ್ಲ ಕತೆ ಆಂಟಿ, ಗಾಳಿಗಾಲದಲ್ಲಿ ಊರು ಹೊತ್ತಿಕೊಳ್ಳದಿರಲಿ ಎಂದು ಹಿಂದಿನವರು ಮಾಡಿದ ಕಟ್ಟಳೆ ಇರಬೇಕು ಎಂದ.

"ಇರಬಹುದು," ಎಂದಳು ಮೆಂಗ್. "ನೀನು ಟೋಸ್ಟರ್ ಮುಟ್ಟಬೇಡ."

ನಾನು ತಣ್ಣಗಿನ ಸಾರನ್ನ ತಿನ್ನುವ ಆ ಹೆಂಗಸನ್ನೇ ನೋಡುತ್ತಿದ್ದೆ. ನಮ್ಮಲ್ಲಿ ಸೂತಕಕ್ಕೆ ಹನ್ನೊಂದು ದಿನ; ಸ್ನಾನ ಮಾಡಿದರೆ ಮುಗಿಯಿತು. ರಾಜನೂ ಹೋದ, ರಾಜ್ಯವೂ ಹೋಯಿತು, ಅಪ್ಪಣೆ ಕೇಳುವವರು ಯಾರೂ ಉಳಿದಿಲ್ಲ. ಸಮುದ್ರದಾಚೆಯ ಈ ಸಬರ್ಬಿನಲ್ಲಿ ಇವಳೊಬ್ಬಳು ಇನ್ನೂ ಸೂತಕ ಹಿಡಿದು ಕುಳಿತಿದ್ದಾಳೆ. ಮುಂದಿನ ವರ್ಷದಿಂದ ಆ ದಿನ ನಾನೂ ಒಲೆ ಹಚ್ಚಲಿಲ್ಲ. ಹಿಂದಿನ ದಿನವೇ ಪುಳಿಯೋಗರೆ ಕಲಸಿಡುತ್ತಿದ್ದೆ. ಮಗಳು ನಕ್ಕರೆ ನಗಲಿ.

ಆಮೇಲೆ ವೇಗೆ ಸಿಡ್ನಿಯಲ್ಲಿ ಕೆಲಸವಾಯಿತು. ಅಲ್ಲಿನ ದಿ ಪಾಂಡ್ಸ್ ಬಡಾವಣೆಯಲ್ಲಿ ಮನೆ ಕಟ್ಟಿಸಿ ತಾಯಿಯನ್ನೂ ಕರೆದುಕೊಂಡು ಹೋದ. ಅಲ್ಲಿ ಅವಳಿಗೆ ಮರೆವು ಶುರುವಾಯಿತು. ಅಲ್ಲಿಯೇ ಇದ್ದ ನನ್ನ ತಂಗಿಯ ಮನೆಗೆ ಹೋದಾಗ, ಬೇಕೆಂದೇ ಒಲೆ ಹಚ್ಚದ ಆ ದಿನ ನೋಡಿಕೊಂಡು ಅವಳಲ್ಲಿಗೆ ಹೋದೆ.

ನನ್ನ ಹೆಸರು ಅವಳಿಗೆ ಹೊಳೆಯಲಿಲ್ಲ, ಅಕ್ಕಾ ಎಂದಳು. ಗ್ಯಾಸ್ ಒಲೆ ಹಚ್ಚುವ ನಾಬ್‌ಗಳು ಒಂದೂ ಇರಲಿಲ್ಲ, ಬರೀ ಕಡ್ಡಿಗಳು ನಿಂತಿದ್ದವು. ಒಮ್ಮೆ ಬಟ್ಟೆಗೆ ಬೆಂಕಿ ಹತ್ತಿದ ಮೇಲೆ ಕಿತ್ತಿಟ್ಟೆ ಎಂದ ವೇ, ಕಣ್ಣು ತಪ್ಪಿಸಿ. ಮೆಂಗ್ ನನ್ನ ಮೊಣಕೈ ಹಿಡಿದು ಒಲೆಯ ಮುಂದೆ ನಿಲ್ಲಿಸಿದಳು.

"ಈ ಮನೆಯಲ್ಲಿ ದಿನವೂ ನನ್ನ ಒಲೆ ತಣ್ಣಗೇ ಇರುತ್ತದೆ. ಇವತ್ತು ನಾನು ಬಿಡುವುದಕ್ಕೆ ಏನಿದೆ, ಅಕ್ಕಾ?"

ಊರಿನ ಹೆಸರು, ಮೊಮ್ಮಗಳ ಹೆಸರು ಅವಳ ಕೈಬಿಟ್ಟಿದ್ದವು. ಒಲೆ ಹಚ್ಚದ ಈ ದಿನವೊಂದು ಮಾತ್ರ ಉಳಿದಿತ್ತು. ಅದೂ ಕೈಗೆ ಸಿಗದಂತೆ ಆಗಿತ್ತು.

ನಾಬ್‌ಗಳನ್ನು ತಾ ಎಂದು ವೇಗೆ ಹೇಳಿದೆ. ಹಾಸ್ಟೆಲ್ಲಿನ ದನಿಯಲ್ಲೇ ಹೇಳಿದೆ. ಅವನು ಅಮ್ಮನನ್ನೂ ನನ್ನನ್ನೂ ನೋಡಿ, ಒಳಗಿನಿಂದ ತಂದು ಒಂದೊಂದಾಗಿ ಸಿಕ್ಕಿಸಿದ.

ಮೆಂಗ್ ಮುಂದಿನ ನಾಬನ್ನು ಬೆರಳುಗಳಲ್ಲಿ ಹಿಡಿದಳು. ವೇ ಒಂದು ಹೆಜ್ಜೆ ಮುಂದೆ ಬಂದ. ನಾನು ಕೈ ಅಡ್ಡ ಹಿಡಿದೆ. ಅವಳು ಅದನ್ನು ತಿರುಗಿಸದೆ ಬೆರಳು ಬಿಡಿಸಿಕೊಂಡಳು.

"ಇವತ್ತು ಬೇಡ," ಎಂದಳು.

ಅವತ್ತು ಹೊರಡುವಾಗ ಅವಳು ನನ್ನನ್ನು ಕಳಿಸಲು ಬಾಗಿಲಿಗೆ ಬರಲಿಲ್ಲ. ಅದೇ ನನ್ನ ಕೊನೆಯ ಭೇಟಿ. ಕಾರಿನಿಂದ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಒಲೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಎರಡೂ ಕೈ ಮಡಿಲಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು.