ಅತ್ತೆ ಒಗೆದ ಲಂಗೋಟಿ

ನಮ್ಮ ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುವ ಮಾತೂ ಇದೆ. ಒದೆಯುವವರು ಒದೆಯಲಿ, ನಾನು ಹೇಳುತ್ತೇನೆ. ಮದುವೆಯಾದ ಮೊದಲ ಮೂರು ವರ್ಷ ನಾನು ಅವರನ್ನು ಸಹಿಸಿಕೊಂಡೆನೇ ಹೊರತು ಪ್ರೀತಿಸಲಿಲ್ಲ. ಅವರಿಗೂ ನಾನೆಂದರೆ ಅಷ್ಟಕ್ಕಷ್ಟೇ.

ಅವರು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಮೂರು ದೊಡ್ಡ ಹಂಡೆ, ಉಸಿರು ಕಟ್ಟಿಸುವ ಹಬೆ. ವಾರ್ಡುಗಳಿಂದ ಬಂದ ಬಟ್ಟೆಗೆ ಸೋಪು, ಸೋಡಾ, ಬ್ಲೀಚಿಂಗ್ ಪುಡಿ ಹಾಕಿ ಕುದಿಸುವುದು, ಕೋಲಿನಿಂದ ತಿರುವುವುದು, ಕಲೆ ಬಿಟ್ಟಿತೆಂದು ಖಾತ್ರಿಯಾದ ಮೇಲೆ ಗೋಡೆಯಲ್ಲಿದ್ದ ಕಿಂಡಿಯಿಂದ ಪಕ್ಕದ ಕೋಣೆಗೆ ದಬ್ಬುವುದು ಅವರ ಕೆಲಸ. ಯಾವ ಕಲೆಗೆ ಎಷ್ಟು ಸೋಡಾ ಬೇಕೆಂಬುದು ಅವರ ಅಂಗೈಗೇ ಗೊತ್ತಿತ್ತು, ಅಳತೆಯ ಲೋಟ ಬೇಕಿರಲಿಲ್ಲ. ಜೊತೆಯವರು ‘ಸೋಡಾ ಅಕ್ಕ’ ಎಂದೇ ಕರೆಯುತ್ತಿದ್ದರು. ಹಬೆ ಮತ್ತು ಪುಡಿಗೆ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು.

ಮಾವ ತೀರಿಕೊಂಡಾಗ ನನ್ನ ಗಂಡ ಐದು ತಿಂಗಳ ಕೂಸು. ಆ ಕೂಸನ್ನು ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟು ಅತ್ತೆ ಹಂಡೆಯ ಮುಂದೆ ನಿಂತರು. ಯಾರ ಮುಂದೆಯೂ ಕೈ ಚಾಚಲಿಲ್ಲ, ಯಾರ ಮನೆಯ ಜಗಲಿಯಲ್ಲೂ ಕೂತು ಕಣ್ಣೀರು ಹಾಕಲಿಲ್ಲ. ಮಗನನ್ನು ಓದಿಸಿದರು, ಎರಡು ಕೋಣೆಯ ಈ ಮನೆ ಮಾಡಿದರು. ಊಟವನ್ನು ನಿಂತುಕೊಂಡೇ ಮುಗಿಸುವುದು ಆ ಕಾಲದಲ್ಲಿ ಹತ್ತಿದ ರೂಢಿ, ಕೊನೆಯವರೆಗೂ ಬಿಡಲಿಲ್ಲ. ಇನ್ನು ಸ್ವಚ್ಛತೆಯ ಹುಚ್ಚು ಹೇಳತೀರದು. ‘ನಮ್ಮಮ್ಮ ಸೋಪನ್ನೂ ಒಂದ್ಸಲ ತೊಳೆದೇ ಬಳಸೋದು’ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಏಕೆಂದರೆ ನಾನು ತೊಳೆದಿಟ್ಟ ಪಾತ್ರೆಯನ್ನು ಅವರು ಮತ್ತೆ ತೊಳೆಯುತ್ತಿದ್ದರು.

ನನಗೆ ಹೆಣ್ಣುಮಗು ಹುಟ್ಟಿತು. ಅತ್ತೆ ತಮ್ಮ ಹಳೆಯ ಹತ್ತಿ ಹೊದಿಕೆಗಳನ್ನೆಲ್ಲ ಹರಿದು, ಅಂಚು ಹೊಲಿದು, ಮೂವತ್ತು ಲಂಗೋಟಿ ಮಾಡಿದರು. ಒಗೆಯುವುದಕ್ಕೆ ನನ್ನನ್ನು ಹತ್ತಿರ ಸೇರಿಸಲಿಲ್ಲ.

‘ನಿಂಗೆ ಬರಲ್ಲ, ಬಿಡು. ಇದು ನನ್ನ ಕಸುಬು’ ಎಂದರು.

ತಂತಿಯ ಮೇಲೆ ಸಾಲಾಗಿ ಹಾರಾಡುವ ಆ ಬಟ್ಟೆಗಳ ಬಿಳುಪನ್ನು ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಹೆಮ್ಮೆಯಲ್ಲಿ ಅತ್ತೆಗೆ ನೆಲ ಕಾಣುತ್ತಿರಲಿಲ್ಲ.

ಮಗುವಿಗೆ ಮೂರು ತಿಂಗಳಾಗುವ ಹೊತ್ತಿಗೆ ತೊಡೆಯ ಸಂದಿ ಕೆಂಪಾಯಿತು. ನಾಲ್ಕು ದಿನದಲ್ಲಿ ಆ ಕೆಂಪು ಹಿಂಭಾಗಕ್ಕೆಲ್ಲ ಹರಡಿ, ಚರ್ಮ ಸುಲಿದು, ಹಸಿ ಮಾಂಸ ಕಾಣಿಸತೊಡಗಿತು. ಉಚ್ಚೆ ಮಾಡಿದ ತಕ್ಷಣ ಮಗು ಕಿಟಾರನೆ ಕಿರುಚುತ್ತಿತ್ತು.

‘ಒದ್ದೇಲೇ ಮಲಗಿಸಿರ್ತೀಯ. ಇಲ್ಲಾಂದ್ರೆ ಹೀಗ್ಯಾಕಾಗುತ್ತೆ?’ ಎಂದರು ಅತ್ತೆ.

‘ಗಂಟೆಗೊಂದ್ಸಲ ಬದಲಾಯಿಸ್ತಿದ್ದೀನಿ ಅತ್ತೆ.’

‘ಬದಲಾಯಿಸಿದ್ರೆ ಹೀಗಾಗ್ತಿರ್ಲಿಲ್ಲ. ಕೊಳೆ ಉಳಿದಿದೆ.’

ಕೊಳೆ ಎಂದ ಮೇಲೆ ಮುಗಿಯಿತು. ಮರುದಿನದಿಂದ ಸೋಡಾ ಎರಡು ಪಾಲಾಯಿತು, ಬ್ಲೀಚಿಂಗ್ ಪುಡಿ ಮೂರು ಪಾಲಾಯಿತು. ಹುಣ್ಣಿನ ಮೇಲೆ ಪೌಡರ್ ಸುರಿದರು, ಅದು ಸಂದಿಯಲ್ಲಿ ಗಟ್ಟಿಕಟ್ಟಿ ಮತ್ತಷ್ಟು ಉಜ್ಜಿತು. ಹಾಸಿಗೆ ನೆನೆಯಬಾರದೆಂದು ಲಂಗೋಟಿಯ ಮೇಲೊಂದು ಪ್ಲಾಸ್ಟಿಕ್ ಚಡ್ಡಿ ಬಂತು. ಬಟ್ಟೆ ಇನ್ನೂ ಬೆಳ್ಳಗಾಯಿತು, ಮಗು ಇನ್ನೂ ಕೆಂಪಾಯಿತು.

ಬೀದಿಯವರ ಹತ್ತಿರ ಅತ್ತೆ ನನ್ನ ಸೋಮಾರಿತನದ ಬಗ್ಗೆ ಹೇಳಿಕೊಂಡರು. ಹೆತ್ತರೆ ಸಾಲದು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂದರಂತೆ. ಒಂದು ದಿನ ಬೆಳಿಗ್ಗೆ ತೊಟ್ಟಿಲನ್ನೇ ತಮ್ಮ ಕೋಣೆಗೆ ಎಳೆದುಕೊಂಡರು. ‘ಇನ್ಮೇಲೆ ಮಗು ನನ್ನ ಹತ್ರ ಇರುತ್ತೆ. ಹಾಲು ಕುಡಿಸೋಕೆ ಮಾತ್ರ ನೀನು ಬಾ’ ಎಂದರು. ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಕೆ, ನನ್ನ ಮುಖವನ್ನೂ ನೋಡಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ನನ್ನ ಮಗುವನ್ನು ನನ್ನಿಂದಲೇ ಕಾಪಾಡಬೇಕಂತೆ! ಅವತ್ತು ನನಗಾದ ಅವಮಾನವನ್ನು ಈಗಲೂ ಮರೆತಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ತಪ್ಪು ನನ್ನದೇ ಇರಬಹುದೇನೋ ಎಂದು ನಾನೂ ನಂಬತೊಡಗಿದ್ದೆ.

ಮೂರನೇ ದಿನ ಹುಣ್ಣಿನಿಂದ ರಕ್ತ ಒಸರಿತು. ಮಗುವನ್ನು ಎತ್ತಿಕೊಂಡು ನಾನು ಆರೋಗ್ಯ ಕೇಂದ್ರಕ್ಕೆ ಹೊರಟೆ. ಅತ್ತೆಯೂ ಲಂಗೋಟಿಯ ಚೀಲ ಹಿಡಿದು ಹಿಂದೆಯೇ ಬಂದರು. ಸೊಸೆಗೆ ಡಾಕ್ಟರ ಬಾಯಿಂದಲೇ ಬುದ್ಧಿ ಹೇಳಿಸುವುದು ಅವರ ಉದ್ದೇಶವಾಗಿತ್ತು.

ಡಾಕ್ಟರು ರಜೆಯಲ್ಲಿದ್ದರು. ಇದ್ದದ್ದು ತಲೆ ನರೆತ ಒಬ್ಬ ನರ್ಸ್. ಅವರು ಪ್ಲಾಸ್ಟಿಕ್ ಚಡ್ಡಿ ಬಿಚ್ಚಿ ಕಸದ ಡಬ್ಬಿಗೆ ಎಸೆದರು. ಗಾಯ ನೋಡಿ, ಗಂಟೆಗೊಂದು ಸಲ ಬದಲಾಯಿಸುತ್ತೇನೆಂದು ನಾನು ಹೇಳಿದ್ದನ್ನು ಕೇಳಿಸಿಕೊಂಡು, ‘ಬಟ್ಟೆ ಯಾರು ಒಗೆಯೋದು?’ ಎಂದು ಕೇಳಿದರು.

‘ನಾನು. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆ ಲಾಂಡ್ರಿಲಿ ಇದ್ದೆ’ ಎಂದರು ಅತ್ತೆ, ಬೆನ್ನು ನೆಟ್ಟಗೆ ಮಾಡಿ.

‘ಎಷ್ಟು ನೀರಲ್ಲಿ ಜಾಲಿಸ್ತೀರಿ?’

‘ಒಂದು ಬಕೆಟ್ ನೀರಲ್ಲಿ ಅದ್ದಿ ತೆಗೀತೀನಿ. ಕೊಳೆ ಹೋದ್ಮೇಲೆ ಇನ್ನೇನಿದೆ ಜಾಲಿಸೋಕೆ?’

ನರ್ಸ್ ಚೀಲದಿಂದ ಒಣಗಿದ, ಹಾಲಿನಂಥ ಬಿಳಿ ಲಂಗೋಟಿಯೊಂದನ್ನು ತೆಗೆದು ಬೇಸಿನ್‌ನಲ್ಲಿದ್ದ ಬಿಸಿನೀರಿಗೆ ಹಾಕಿ ನಾಲ್ಕು ಸಲ ಹಿಂಡಿದರು. ನೀರು ಬೆಳ್ಳಗೆ ಕದಡಿತು. ಅಂಚಿನ ಸುತ್ತ ನೊರೆ ಎದ್ದಿತು.

‘ನೋಡಿ. ಮಗು ಒದ್ದೆ ಮಾಡಿದಾಗ್ಲೆಲ್ಲ ಈ ಸೋಡಾ ಎದ್ದು ಬಂದು ಚರ್ಮ ಸುಡುತ್ತೆ. ಇವ್ರು ಗಂಟೆಗೊಂದ್ಸಲ ಬದಲಾಯಿಸಿದ್ರೆ ಗಂಟೆಗೊಂದು ಹೊಸ ಸೋಡಾ ಬಟ್ಟೆ. ಆಸ್ಪತ್ರೆಲಿ ಜಾಲಿಸ್ತಿರ್ಲಿಲ್ವಾ?’

ಅತ್ತೆ ನೊರೆಯನ್ನೇ ನೋಡುತ್ತಿದ್ದರು. ‘ಅದು ಆ ಕಡೆ ಕೋಣೆಯವ್ರ ಕೆಲಸ’ ಎಂದರು ಮೆಲ್ಲಗೆ.

ನರ್ಸ್ ಒಂದು ಮುಲಾಮು ಕೊಟ್ಟರು. ಬರೀ ಬೆಚ್ಚನೆ ನೀರಲ್ಲಿ ತೊಳೆದು, ಒತ್ತಿ ಒರೆಸಿ, ದಿನಕ್ಕೆ ಮೂರ್ನಾಲ್ಕು ಸಲ ಬಟ್ಟೆಯಿಲ್ಲದೆ ಗಾಳಿಗೆ ಬಿಡಿ ಎಂದರು. ವಾರದಲ್ಲಿ ವಾಸಿಯಾಗದಿದ್ದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಬನ್ನಿ ಎಂದರು.

ಸುಳ್ಳೇಕೆ ಹೇಳಲಿ, ಬಸ್ಸಿನಲ್ಲಿ ಬರುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅತ್ತೆಗೆ ಏನೇನು ಹೇಳಬೇಕು, ಬೀದಿಯವರಿಗೆ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅತ್ತೆ ಚೀಲವನ್ನು ಎದೆಗೆ ಅವುಚಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಗೆ ಬಂದವರೇ ತೊಟ್ಟಿಲನ್ನು ನನ್ನ ಕೋಣೆಗೆ ತಂದಿಟ್ಟರು. ಮತ್ತೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಸಂಜೆಗೆ ಬಂದರು. ಲಾಂಡ್ರಿಯ ಪಕ್ಕದ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಮುದುಕನ ಮನೆ ಹುಡುಕಿಕೊಂಡು ಹೋಗಿದ್ದರಂತೆ. ‘ಅಕ್ಕಾ, ನೀನು ಹಾಕಿದ ಸೋಡಾ ಬಿಡಿಸೋಷ್ಟರಲ್ಲಿ ನಮ್ಮ ರಟ್ಟೆ ಬಿದ್ದೋಗ್ತಿತ್ತು. ಆರು ನೀರು ಬೇಕಿತ್ತು’ ಎಂದು ಆತ ನಕ್ಕನಂತೆ.

‘ಆರು ನೀರಂತೆ’ ಎಂದರು ಅತ್ತೆ. ‘ಮೂವತ್ತೊಂದು ವರ್ಷ. ಒಂದಿನನಾದ್ರೂ ಆ ಕಿಂಡೀಲಿ ಬಗ್ಗಿ ನೋಡ್ಲಿಲ್ಲ ನಾನು.’

ಜೋಡಿಸಿಟ್ಟಿದ್ದ ಮಾತನ್ನು ಬಿಟ್ಟು ನಾನು ಅವರಿಗೆ ಊಟ ಬಡಿಸಿದೆ.

ನಮ್ಮ ಬೀದಿಯ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಅರವತ್ತು ದಾಟಿದ ಹೆಂಗಸು ಮರುದಿನ ಕೊಡದ ಮೇಲೆ ಕೊಡ ಹೊತ್ತು ತಂದು ಮೂವತ್ತು ಲಂಗೋಟಿಯನ್ನೂ ಆರು ನೀರಲ್ಲಿ ಜಾಲಿಸಿದರು. ಕೊನೆಯ ನೀರು ಕುಡಿಯುವ ನೀರಿನಷ್ಟೇ ತಿಳಿಯಾಗಿತ್ತು. ಎರಡನೇ ಸಲ ಅವರ ಕೈಯಿಂದ ಕೊಡ ಕಸಿದುಕೊಂಡು ನಾನು ಹೊತ್ತೆ, ಅವರು ತಡೆಯಲಿಲ್ಲ. ಸೋಡಾ ಡಬ್ಬಿ ಆಮೇಲೆ ಮನೆಯಲ್ಲಿ ಕಾಣಿಸಲಿಲ್ಲ. ನಲ್ಲಿಯ ಹತ್ತಿರ ನೆರೆಯಾಕೆಯೊಬ್ಬಳು ಮಗುವಿನ ಬಗ್ಗೆ ವಿಚಾರಿಸಿದಾಗ ಎಲ್ಲರಿಗೂ ಕೇಳುವಂತೆ, ‘ಸೊಸೆ ಸರಿಯಾಗೇ ನೋಡ್ಕೊಂಡಿದ್ಲು. ಸುಟ್ಟಿದ್ದು ನಾನು’ ಎಂದರು.

ಐದನೇ ದಿನ ಹಸಿ ಆರಿತು, ಹತ್ತನೇ ದಿನ ಹೊಸ ಚರ್ಮ ಬಂತು. ಅವತ್ತು ಮಧ್ಯಾಹ್ನ ಮಗುವನ್ನು ಚಾಪೆಯ ಮೇಲೆ ಬರಿ ಮೈಯಲ್ಲಿ ಮಲಗಿಸಿದ್ದೆ. ಅತ್ತೆ ಒಗೆದ ಲಂಗೋಟಿಯೊಂದನ್ನು ತಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದ ಮೇಲೆ ಮೊದಲ ಬಾರಿಗೆ ತಾವೇ ಕಟ್ಟಿದರು. ಮಗು ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟೆ ಒದ್ದೆಯಾಯಿತು. ಆಗಲೂ ಅಳಲಿಲ್ಲ, ಕಾಲು ಬಡಿಯುತ್ತ ಮಲಗಿತ್ತು.

ನನಗೆ ಸಮಾಧಾನವಾಯಿತು. ಅತ್ತೆ ಮಾತ್ರ ಗೋಡೆಗೆ ಒರಗಿ ಕುಸಿದು ಕೂತರು. ಊಟಕ್ಕೆಂದು ಮನೆಗೆ ಬಂದಿದ್ದ ಮಗನನ್ನು ಹತ್ತಿರ ಕರೆದರು.

‘ನೀನು ಕೂಸಾಗಿದ್ದಾಗ್ಲೂ ನಾನು ಸರಿಯಾಗಿ ಜಾಲಿಸ್ದೇನೇ ಒಗೀತಿದ್ದೆ ಕಣಪ್ಪಾ. ಸಂಜೆ ಕೆಲಸದಿಂದ ಬಂದು ಬಟ್ಟೆ ಕಟ್ಟಿದ್ರೆ ಸಾಕು, ನೀನು ಅತ್ತು ಊರು ಒಂದು ಮಾಡ್ತಿದ್ದೆ. ಹಟ ಮಾಡ್ತೀಯ ಅಂದ್ಕೊಂಡು ಹೊಡೀತಿದ್ದೆ. ಅಳೋದು ನಿಲ್ಲಿಸೋವರ್ಗೂ ಹೊಡೀತಿದ್ದೆ.’

ನನ್ನ ಗಂಡ ಅವರ ಮುಂದೆ ಕೂತು ಎರಡೂ ಕೈ ಹಿಡಿದುಕೊಂಡರು. ‘ನಂಗೆ ಅದೇನೂ ನೆನಪಿಲ್ಲಮ್ಮ, ಬಿಡು’ ಎಂದರು.

‘ನಂಗಿದೆಯಲ್ಲಪ್ಪಾ’ ಎಂದರು ಅತ್ತೆ.