ಅಣ್ಣನ ಮೊದಲ ಓಟು

ಕೊರೋನಾದ ಮೊದಲ ವರ್ಷ, ಅಮೆರಿಕದ ಅಧ್ಯಕ್ಷರನ್ನು ಆರಿಸುವ ಜವಾಬ್ದಾರಿಯನ್ನು ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ನಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪು ವಹಿಸಿಕೊಂಡಿತ್ತು. ಯಾರಿಗೂ ಬೇರೆ ಕೆಲಸವಿರಲಿಲ್ಲ. ಆಫೀಸು ಊಟದ ಮೇಜಿಗೆ ಬಂದಿತ್ತು, ಯುಗಾದಿಯೂ ಗಣೇಶನ ಹಬ್ಬವೂ ಲ್ಯಾಪ್‌ಟಾಪಿನ ಪರದೆಯ ಮೇಲೆ ಮುಗಿದಿದ್ದವು. ಯಾವ ಪಕ್ಷ ಬಂದರೆ ಯಾರ ತಮ್ಮನ ವೀಸಾ ಏನಾಗುತ್ತದೆ ಎಂದು ಬೆಂಗಳೂರಿನವರೂ ಮೈಸೂರಿನವರೂ ಕಿತ್ತಾಡಿದರು. ಒಬ್ಬರು ಸಿಟ್ಟಿನಿಂದ ಗುಂಪು ಬಿಟ್ಟರು, ಬೇಜಾರಾಗಿ ಮತ್ತೆ ಸೇರಿಕೊಂಡರು. ಇವರಲ್ಲಿ ಯಾರಿಗೂ ಅಮೆರಿಕದಲ್ಲಿ ಓಟಿರಲಿಲ್ಲ. ಓಟಿದ್ದವನು ನಮ್ಮಣ್ಣ ಒಬ್ಬನೇ. ಅವನೋ ಗುಂಪಿನಲ್ಲಿ ಯಾರಾದರೂ ಶುಭೋದಯ ಹೇಳಿದರೂ ಉತ್ತರ ಕೊಡುತ್ತಿರಲಿಲ್ಲ.

ಅಣ್ಣ ಧಾರವಾಡದಿಂದ ಅಮೆರಿಕಕ್ಕೆ ಓದಲು ಹೋಗಿ, ಅಲ್ಲೇ ನೌಕರಿ ಹಿಡಿದವನು. ಆಮೇಲೆ ಕಂಪನಿ ಅವನನ್ನು ಎರಡು ವರ್ಷದ ಮಟ್ಟಿಗೆ, ನಾನಿದ್ದ ಊರಿಗೇ ಕಳಿಸಿತ್ತು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ, ಜೀವಮಾನದಲ್ಲಿ ಒಮ್ಮೆಯೂ ಓಟು ಹಾಕಿರಲಿಲ್ಲ. ಊರಿನಲ್ಲಿ ವಯಸ್ಸಿಗೆ ಬಂದ ಮೇಲಿನ ಮೊದಲ ಚುನಾವಣೆಯ ದಿನ ಅವನಿಗೆ ಕಾಮಾಲೆಯಾಗಿತ್ತು. ಎರಡನೆಯದು ಬರುವಷ್ಟರಲ್ಲಿ ವಿಮಾನ ಹತ್ತಿದ್ದ. ಅಲ್ಲಿಂದಾಚೆಗೆ ಅಮೆರಿಕದಲ್ಲಿ ತೆರಿಗೆ ಕಟ್ಟುತ್ತ, ಅಕ್ಕಪಕ್ಕದವರು ಓಟು ಹಾಕಿ ಬರುವುದನ್ನು ನೋಡುತ್ತ ಕಳೆದ. ಕೊನೆಗೆ ಅಲ್ಲಿನ ಪೌರತ್ವ ತೆಗೆದುಕೊಂಡ. ಯಾಕೆ ಎಂದು ನಾನು ಫೋನಿನಲ್ಲಿ ಕೇಳಿದಾಗ, "ಎಲ್ಲೋ ಒಂದ ಕಡೆ ನಂದೂ ಒಂದ ಓಟ್ ಇರಬೇಕಲ್ಲ," ಎಂದಿದ್ದ. ಅವ್ವನಿಗೆ ಮಾತ್ರ ಹೇಳಿರಲಿಲ್ಲ.

ಅವ್ವನಿಗೆ ಹೇಳದಿರಲು ಕಾರಣವಿತ್ತು. ಓಟು ಎಂದರೆ ಅವಳಿಗೆ ವ್ರತವಿದ್ದ ಹಾಗೆ. ಆ ದಿನ ನಸುಕಿನಲ್ಲೆದ್ದು ಮಿಂದು, ಇಳಕಲ್ ಸೀರೆ ಉಟ್ಟು, ಬಾಯಿಗೆ ಚಹ ಕೂಡ ಹಾಕದೆ ಹೊರಡುತ್ತಿದ್ದಳು. ಅಂಥವಳು ಆ ವರ್ಷದ ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ಅಣ್ಣನ ಮನೆಗೆ ಬಂದು, ವಿಮಾನ ನಿಂತು, ಅಲ್ಲೇ ಉಳಿದಳು. ಮಾಡಲು ಕೆಲಸವಿಲ್ಲದೆ ಒಂದು ದಿನ ಅಣ್ಣನ ಕಪಾಟು ಒರೆಸಲು ತೆಗೆದಳು, ಅವನ ಪಾಸ್‌ಪೋರ್ಟ್ ಕೈಗೆ ಸಿಕ್ಕಿತು. ಅಮೆರಿಕದ ಪಾಸ್‌ಪೋರ್ಟೂ ನಮ್ಮದರ ಹಾಗೆ ಕಡುನೀಲಿ. ಆದರೆ ಮೇಲೆ ಹದ್ದಿನ ಚಿತ್ರವಿರುತ್ತದೆ.

"ಇದರ ಮ್ಯಾಲಿನ ಸಿಂಹ ಎಲ್ಲಿ ಹೋದೂವೋ?" ಎಂದು ಕೇಳಿದಳು. ಅಣ್ಣ ಹೇಳಿದ. ಅವಳು ಪಾಸ್‌ಪೋರ್ಟನ್ನೂ ಚೆನ್ನಾಗಿ ಒರೆಸಿ, ಇದ್ದಲ್ಲೇ ಇಟ್ಟಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಅಣ್ಣನ ಮತಪತ್ರ ಸೆಪ್ಟೆಂಬರಿನಲ್ಲಿ ಅಂಚೆಯಲ್ಲಿ ಬಂತು. ಅಧಿಕ ಮಾಸ ಆಗಷ್ಟೇ ಶುರುವಾಗಿತ್ತು. "ಮೊದಲನೇ ಸಲ ಮಾಡೂ ಕೆಲಸ ಅಧಿಕದಾಗ ಮಾಡಬಾರದಪಾ," ಎಂದಳು ಅವ್ವ. ಅಣ್ಣ ಮೂಢನಂಬಿಕೆಗಳ ಬಗ್ಗೆ ಉದ್ದುದ್ದ ಮಾತಾಡುವವನು. ಗ್ರಹಣದ ದಿನ ಮಾತ್ರ ಅವನಿಗೆ ಯಾಕೋ ಹಸಿವಾಗುವುದಿಲ್ಲ. ಮತಪತ್ರ ಮೇಜಿನ ಖಾನೆಗೆ ಹೋಯಿತು, ಅಧಿಕ ಮಾಸ ಮುಗಿಯುವವರೆಗೂ ಅಲ್ಲೇ ಇತ್ತು.

ನವರಾತ್ರಿಯ ಮೊದಲ ದಿನ ಅವನು ಕ್ಷೌರ ಮಾಡಿಕೊಂಡು, ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಮೇಜಿಗೆ ಕೂತ. ನಾನು ಹಬ್ಬದ ಊಟಕ್ಕೆ ಹೋಗಿದ್ದೆ. ತನ್ನ ಅಭ್ಯರ್ಥಿಯ ಹೆಸರಿನ ಪಕ್ಕದ ಪುಟ್ಟ ಅಂಡಾಕಾರವನ್ನು ಕಪ್ಪು ಪೆನ್ನಿನಲ್ಲಿ ತುಂಬಲು ಅವನು ತೆಗೆದುಕೊಂಡ ಹೊತ್ತಿನಲ್ಲಿ ನಾನು ಒಂದು ಹೋಳಿಗೆ ತಿಂದು ಮುಗಿಸಿದೆ. ತುಂಬಿದ ಮೇಲೆ ಕಾಗದವನ್ನು ದೂರ ಹಿಡಿದು ನೋಡಿದ. ಪರೀಕ್ಷೆಯಲ್ಲಿ ಪಾಸಾದಾಗಲೂ ಅವನ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಆಫೀಸಿನ ಕರೆ ಬಂತು, ಎದ್ದು ಒಳಗಿನ ಕೋಣೆಗೆ ಹೋದ.

ಅವ್ವ ಬಂದಳು. ಯಾರಿಗೆ ಹಾಕಿದ್ದಾನೆಂದು ಕಾಣಬಾರದು ಎಂದು ಮುಖ ಆಚೆ ತಿರುಗಿಸಿಕೊಂಡೇ ಕಾಗದವನ್ನು ಬೋರಲು ಹಾಕಿದಳು. ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ಮದುವೆ ಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕೂ ಮೂಲೆಗೆ ಹಚ್ಚಿದಳು. ನವರಾತ್ರಿಗೆಂದು ಕೂರಿಸಿದ್ದ ಘಟದ ಮುಂದಿಟ್ಟು ಕೈಮುಗಿದಳು. ನಾನು ನೋಡುತ್ತಲೇ ಇದ್ದೆ. ಶುಭದ ಕಾಗದ ಮನೆಯಿಂದ ಹೊರಗೆ ಹೋಗುವ ಮುಂಚೆ ಅದಕ್ಕೆ ಅರಿಶಿನ ಹಚ್ಚುತ್ತಾರೆ. ಅದರಲ್ಲಿ ತಪ್ಪೇನೂ ನನ್ನ ತಲೆಗೆ ಹೊಳೆಯಲಿಲ್ಲ.

ಕರೆ ಮುಗಿಸಿ ಬಂದ ಅಣ್ಣನಿಗೆ ಹೊಳೆಯಿತು. ಒದ್ದೆ ಅರಿಶಿನ ಇನ್ನೊಂದು ಬದಿಗೂ ಇಳಿದಿತ್ತು. ಗುರುತು, ಕಲೆ ಯಾವುದೂ ಇರಬಾರದು ಎಂದು ಆ ಕಾಗದದ ಮೇಲೆಯೇ ಅಚ್ಚಾಗಿತ್ತಂತೆ.

"ನಮ್ಮ ದೇಶದಾಗ ಹಿಂಗ ಮಾಡಂಗಿಲ್ಲವಾ!" ಎಂದು ಕೂಗಿದ.

ಅವ್ವ ಅರಿಶಿನದ ಬಟ್ಟಲು ಕೆಳಗಿಟ್ಟಳು. "ಯಾವ ನಮ್ಮ ದೇಶ?"

ಅಣ್ಣ ಕಾಗದದ ಅರಿಶಿನವನ್ನು ಅಂಗಿಯ ತೋಳಿನಿಂದ ಒರೆಸತೊಡಗಿದ. "ಹೌದಪಾ, ನಿನ್ನ ದೇಶದ ಪದ್ಧತಿ ನನಗ ಗೊತ್ತಿಲ್ಲ," ಎಂದು ಅವಳು ಅಡುಗೆಮನೆಗೆ ಹೋದಳು. ಉಳಿದ ಹೋಳಿಗೆಯನ್ನು ಯಾರೂ ತಿನ್ನಲಿಲ್ಲ.

ಅಣ್ಣ ಅಮೆರಿಕದ ತನ್ನ ಊರಿನ ಚುನಾವಣಾ ಕಚೇರಿಗೆ ಫೋನು ಮಾಡಿದ. ಅಲ್ಲಿನ ಹೆಂಗಸು ಬಹಳ ಮರ್ಯಾದೆಯಿಂದ, ಕಲೆ ಊಟದ್ದೇ ಎಂದು ಕೇಳಿದಳಂತೆ. ದೇವರದ್ದು ಎಂದನಂತೆ ಇವನು. ಅವಳು, ಕಲೆಯಾದದ್ದನ್ನು ಸ್ವೀಕರಿಸುತ್ತಾರೋ ಇಲ್ಲವೋ ಹೇಳಲಾಗದು, ಅದನ್ನು ರದ್ದು ಮಾಡಿ ಹೊಸದನ್ನು ಈಮೇಲಿನಲ್ಲಿ ಕಳಿಸುತ್ತೇನೆ ಎಂದಳು. ಪ್ರಿಂಟ್ ಮಾಡಿ, ತುಂಬಿ, ಕೊನೆಯ ದಿನದೊಳಗೆ ಈಮೇಲಿನಲ್ಲೇ ವಾಪಸು ಕಳಿಸಬಹುದು, ಹೊರದೇಶದಲ್ಲಿರುವವರಿಗೆ ಆ ಅನುಕೂಲವಿದೆ ಎಂದಳು. ಹೊಸದು ಮರುದಿನವೇ ಬಂತು. ಅಣ್ಣ ಅದನ್ನು ತೆರೆಯಲೇ ಇಲ್ಲ.

"ನಾ ಹಾಕಂಗಿಲ್ಲ," ಎಂದು ನನಗೆ ಕಡ್ಡಿ ಮುರಿದ ಹಾಗೆ ಹೇಳಿದ. ತಾಯಿ ಮಗ ಒಂದೇ ಮನೆಯಲ್ಲಿದ್ದುಕೊಂಡು ನನ್ನ ಮೂಲಕ ಮಾತಾಡತೊಡಗಿದರು. ಚಪಾತಿ ಇನ್ನೊಂದು ಬೇಕೋ ಬೇಡವೋ ಎಂಬುದಕ್ಕೂ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂದಿತ್ತು. ಇದ್ದ ಬದ್ದ ದೇಶಾಭಿಮಾನವನ್ನೆಲ್ಲ ಒಬ್ಬರ ಮೇಲೊಬ್ಬರು ಎಸೆದಾಡಲು ಇವರಿಗೆ ಮೂರನೆಯವರ ದೇಶವೇ ಬೇಕಿತ್ತೆ? ವಾಟ್ಸಾಪ್ ಗುಂಪಿಗೂ ಸುದ್ದಿ ಹೇಗೋ ಮುಟ್ಟಿತು. "ನೀವು ಹಾಕ್ಲೇಬೇಕು ಸಾರ್, ಇಡೀ ಡೆಮಾಕ್ರಸಿ ನಿಮ್ಮ ಕೈಲಿದೆ," ಎಂದು ಬೆಂಗಳೂರಿನವರೊಬ್ಬರು ಬರೆದರು. ಅಣ್ಣ ಗುಂಪನ್ನೇ ಬಿಟ್ಟ.

ಚುನಾವಣೆಯ ಹಿಂದಿನ ದಿನ ಮಧ್ಯಾಹ್ನ ಅವ್ವ ನನ್ನನ್ನು ಬರಹೇಳಿದಳು. ಸೈಕಲ್ ಇಳಿದು ಬಾಗಿಲು ತೆಗೆದರೆ, ಅವಳು ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟು, ಮೇಲೆ ಅಣ್ಣನ ಸ್ವೆಟರ್ ಹಾಕಿಕೊಂಡು, ಅವನ ಆಫೀಸಿನ ಮೇಜಿನ ಮುಂದೆ ನಿಂತಿದ್ದಳು.

"ಅವಗ ಹೇಳು," ಎಂದಳು ನನಗೆ.

"ಇಲ್ಲೇ ಅದಾನಲ್ಲವಾ, ನೀನ ಹೇಳು," ಎಂದೆ. ನನಗೆ ಸಾಕಾಗಿತ್ತು.

ಅವಳು ಅವನ ಕಡೆ ತಿರುಗಿದಳು. "ಕಾಗದ ಕೆಡಿಸಿದ್ದು ನಾನು. ನನ್ನ ಮ್ಯಾಲಿನ ಸಿಟ್ಟಿಗೆ ಓಟು ಬಿಡಬ್ಯಾಡ. ಇಷ್ಟ ವಯಸ್ಸಾತು, ಒಂದ ಸಲನೂ ಹಾಕಿಲ್ಲ ನೀನು. ಲಗ್ನ ಆಗದಿದ್ರ ಆಗವಲ್ದ್ಯಾಕ, ಓಟು ಹಾಕು. ಯಾವ ದೇಶಂತ ನಾ ಕೇಳಂಗಿಲ್ಲ."

ಅಣ್ಣ ಈಮೇಲ್ ತೆರೆದ, ಪ್ರಿಂಟರ್ ಗುರ್ ಎಂದಿತು. ಕಾಗದ ಹೊರಗೆ ಬರುವ ಮುಂಚೆಯೇ ಅವ್ವ ನನ್ನ ರಟ್ಟೆ ಹಿಡಿದಳು. "ನಡಿ ಹೊರಗ. ಮತ ಹಾಕೂ ಮುಂದ ಯಾರೂ ಇರಬಾರದು." ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡೆವು. ತುಂತುರು, ಎದುರು ಗಾಳಿ. ಚಪ್ಪಲಿ ಒಳಗೇ ಉಳಿದಿದ್ದವು. ಪಕ್ಕದ ಬಾಲ್ಕನಿಯ ಡಚ್ ಮುದುಕ ಸಿಗರೇಟು ಸೇದುತ್ತಿದ್ದವನು, ಏನಾದರೂ ತೊಂದರೆಯೇ ಎಂದು ಕೇಳಿದ. ಮತದಾನ ನಡೆಯುತ್ತಿದೆ ಎಂದೆ. ಅವನು ತಲೆಯಾಡಿಸಿ ಇನ್ನೊಂದು ಸಿಗರೇಟು ಹಚ್ಚಿದ.

ಅಣ್ಣ ಬಾಗಿಲು ತೆಗೆದಾಗ ನಮ್ಮಿಬ್ಬರ ಪಾದಗಳೂ ಮರಗಟ್ಟಿದ್ದವು.

"ಹೋತೇನು?" ಎಂದು ಕೇಳಿದಳು ಅವ್ವ.

"ಹೋತು. ಮುಟ್ಟೇದ ಅಂತ ಉತ್ತರನೂ ಬಂತು."

"ಛೊಲೋ ಆತು." ಅವಳು ಕುರ್ಚಿಯಲ್ಲಿ ಕೂತು ಪಾದ ತಿಕ್ಕಿಕೊಂಡಳು. "ನಾ ಧಾರವಾಡಕ್ಕ ಹೋದಕೂಡ್ಲೆ ನಿನ್ನ ಹೆಸರು ತಗಸ್ತೀನಿ."

"ಯಾವುದರಾಗಿಂದ?"

"ನಮ್ಮ ಓಟರ್ ಲಿಸ್ಟಿನಾಗಿಂದ. ಸಾಲಿ ಮಾಸ್ತರು ಪ್ರತಿ ಸಲ ಲಿಸ್ಟ್ ಹಿಡಕೊಂಡು ಮನಿಗೆ ಬಂದು ಕೇಳ್ತಾರ, ನಿಮ್ಮ ಮಗ ಇಲ್ಲೇ ಇರ್ತಾನೋ, ಹೆಸರು ಹೊಡದು ಹಾಕ್ಲ್ಯೋ ಅಂತ. ಪರ ಊರಿಗೆ ಹೋಗ್ಯಾನ, ಓಟಿನ ಹೊತ್ತಿಗೆ ಬರ್ತಾನ್ರೀ, ಇರಲಿ ಅಂತಿದ್ದೆ."

ಅಣ್ಣನ ಕಣ್ಣು ತುಂಬಿ ಹರಿಯಿತು. ಅವನು ಅತ್ತದ್ದನ್ನು ನಾನು ಅಪ್ಪ ಹೋದಾಗ ಬಿಟ್ಟರೆ ನೋಡಿದ್ದು ಅಂದೇ.

"ಇರ್ಲಿ ಬಿಡವಾ," ಎಂದ.

"ಎರಡೂ ಕಡೆ ಇರಬಾರದಪಾ," ಎಂದಳು ಅವ್ವ. "ನೀ ಈಗ ಹಾಕೀಯಲ್ಲ."