ರಾಣಿಗೆ ಬಾಡಿಗೆ ಮನೆ

ಸಿನಿಮಾ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಓದುವುದು ಕೊನೆಯ ಪುಟ. ಮುಂದಿನ ಪುಟಗಳಲ್ಲಿ ಯಾವ ಚಿತ್ರ ಎಲ್ಲಿ ತಯಾರಾಗುತ್ತಿದೆ ಎಂಬ ಉಪಯುಕ್ತ ಸಂಗತಿ ಇರುತ್ತದೆ. ಕೊನೆಯ ಪುಟದಲ್ಲಿ, ಮುಂಬಯಿಯ ಯಾವುದೋ ನಾಯಕನಟ ನಲವತ್ತಾದರೂ ಯಾಕೆ ಮದುವೆಯಾಗಿಲ್ಲ, ಒಬ್ಬ ಗೆಳೆಯನ ಜೊತೆಗೇ ಯಾಕೆ ಇರುತ್ತಾನೆ ಎಂಬ ಅನುಪಯುಕ್ತ ಸಂಗತಿ ಇರುತ್ತದೆ. ಹೆಸರು ಹಾಕಿರುವುದಿಲ್ಲ. ಅದನ್ನು ಊಹಿಸುವುದರಲ್ಲಿ ನನ್ನ ಅರ್ಧ ರಜೆ ಕಳೆಯುತ್ತದೆ. ಕೊಪ್ಪಳದ ಶಾಲೆಯಲ್ಲಿ ‘ಇನ್ನೊಬ್ಬರ ಪಾಟಿಯಲ್ಲಿ ಇಣುಕಬೇಡಿ’ ಎಂದು ದಿನಕ್ಕೆ ನಾಲ್ಕು ಸಲ ಗದರುವ ಮಾಸ್ತರ ನಾನು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಈ ಚಟವನ್ನು ಟಾಕಿ ಸಿನಿಮಾದವರು ನನಗೆ ಅಂಟಿಸಿದ್ದಲ್ಲ. ಟಾಕಿಯ ತಂಬು ನಮ್ಮ ಕಡೆ ಬರುವುದಕ್ಕೆ ಮೊದಲು ನಾಟಕ ಕಂಪನಿಗಳಿದ್ದವು. ಅಂಥ ಒಂದು ಕಂಪನಿಯಲ್ಲಿ ರಾಜನ ಪಾರ್ಟು ಯಲಬುರ್ಗಾ ಕಡೆಯ ಬಸಣ್ಣನದು, ರಾಣಿಯ ಪಾರ್ಟು ಕನಕಗಿರಿಯ ಮಾನಪ್ಪನದು. ಮಾನಪ್ಪ ಜರಿಯಂಚಿನ ಸೀರೆ ಉಟ್ಟು, ಯುದ್ಧಕ್ಕೆ ಹೊರಟ ರಾಜನ ಹಣೆಗೆ ತಿಲಕವಿಟ್ಟನೆಂದರೆ ಹೆಂಗಸರ ಕಡೆಯಿಂದ ಮೂಗು ಸೇದುವ ಸದ್ದು ಕೇಳುತ್ತಿತ್ತು. ಗಂಡಸರು ‘ವನ್ಸ್ ಮೋರ್’ ಎಂದು ಕೂಗಿ ಆ ಬಡ ರಾಜನನ್ನು ಮೂರು ಮೂರು ಸಲ ಯುದ್ಧಕ್ಕೆ ಕಳಿಸುತ್ತಿದ್ದರು. ನನ್ನ ಅವ್ವನಂತೂ ಆಗತಾನೆ ಮನೆಗೆ ಬಂದಿದ್ದ ಸೊಸೆಗೆ ಹೇಳಿಬಿಟ್ಟಳು: “ಗಂಡನ ಜೋಡಿ ಹೆಂಗ ಮಾತಾಡಬೇಕು ಅಂತ ಆ ರಾಣಿನ್ನ ನೋಡಿ ಕಲಿ ನೀಲವ್ವಾ.” ನನ್ನ ಹೆಂಡತಿ ನೀಲವ್ವ ತಲೆಯಾಡಿಸಿದಳು. ಆಮೇಲೆ ಒಲೆಯ ಮುಂದೆ ನನಗಷ್ಟೇ ಕೇಳುವಂತೆ, “ಆ ರಾಣಿಗೆ ಅತ್ತಿ ಇಲ್ರಿ” ಎಂದಳು.

ಆ ದಿನಗಳನ್ನು ನೆನೆದರೆ ನನಗೆ ಆಶ್ಚರ್ಯವಾಗುತ್ತದೆ. ಕೊಪ್ಪಳ, ಕುಷ್ಟಗಿಯ ಸೊಸೆಯಂದಿರಿಗೆಲ್ಲ ಪತಿಭಕ್ತಿಯ ಪಾಠ ಹೇಳಿದವನು ಒಬ್ಬ ಗಂಡಸು. ಅವನು ಭಕ್ತಿ ತೋರಿದ್ದು ಇನ್ನೊಬ್ಬ ಗಂಡಸಿಗೆ. ರಾತ್ರಿ ಅದನ್ನು ನೋಡಿ ಕಣ್ಣೊರೆಸಿಕೊಂಡವರೇ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಕೂತು, “ಅಲ್ರಿ, ಅವ್ರಿಬ್ಬರ ನಡುವ ಏನರ ಐತೇನು?” ಎಂದು ಕಣ್ಣು ಮಿಟುಕಿಸುತ್ತಿದ್ದರು. ದೇವರು ಹೆಣ್ಣಿನ ವೇಷ ಹಾಕಿ ಅಮೃತ ಬಡಿಸಿದನೆಂದರೆ ಕೈಮುಗಿಯುತ್ತೇವೆ. ದೇವತೆಗಳಲ್ಲೂ ಮರುದಿನ ಬೆಳಿಗ್ಗೆ ಯಾರಾದರೂ ಕಣ್ಣು ಮಿಟುಕಿಸಿರಬೇಕು. ಪುರಾಣ ಬರೆದವರು ಮರ್ಯಾದಸ್ಥರು, ಬಿಟ್ಟಿದ್ದಾರೆ. ಕಣ್ಣು ಮಿಟುಕಿಸಿದವರಲ್ಲಿ ನಾನೂ ಇದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಗಂಗಾವತಿಗೆ ಟಾಕಿ ಬಂತು. ಅದರಲ್ಲಿ ರಾಣಿಯ ಪಾರ್ಟು ಮಾಡುವವಳು ನಿಜವಾದ ಹೆಂಗಸು. ಜನ ಆ ಕಡೆ ಹರಿದರು, ಎರಡೇ ವರ್ಷದಲ್ಲಿ ಕಂಪನಿ ಮುರಿಯಿತು. ನಟರೆಲ್ಲ ತಮ್ಮ ತಮ್ಮ ಊರು ಹಿಡಿದರು. ಬಸಣ್ಣ, ಮಾನಪ್ಪ ಮಾತ್ರ ಕೊಪ್ಪಳದಲ್ಲೇ ಉಳಿದು ಒಬ್ಬ ಸಾಹುಕಾರನ ಮನೆಯ ಎರಡು ಕೋಣೆ ಹಿಡಿದರು. ಮಾನಪ್ಪ ಹೊಲಿಗೆಯಂತ್ರ ಇಟ್ಟುಕೊಂಡು ಕುಪ್ಪಸ ಹೊಲಿಯತೊಡಗಿದ. ಬಸಣ್ಣನ ಗಂಟಲು ಅಷ್ಟು ದೊಡ್ಡದು, ಅದಕ್ಕೆ ಸಿಕ್ಕ ಕೆಲಸವೆಂದರೆ ಎತ್ತಿನ ಬಂಡಿಯಲ್ಲಿ ನಿಂತು ಊರೂರಿಗೆ ಟಾಕಿ ಸಾರುವುದು. ತನ್ನ ರಾಜ್ಯ ಕಸಿದುಕೊಂಡವರ ಡಂಗುರವನ್ನು ರಾಜನೇ ಹೊಡೆಯಬೇಕಾಯಿತು. ನಾಲ್ಕು ದಿನ ಗಂಗಾವತಿ ಕಡೆ ಸುತ್ತಿ ಸರ್ವಿಸ್ ಮೋಟಾರು ಬಸ್ಸಿನಲ್ಲಿ ವಾಪಸು ಬರುತ್ತಿದ್ದ.

ಒಂದು ಮಧ್ಯಾಹ್ನ ನಾನು ಮೋಟಾರು ನಿಲ್ಲುವ ಕಡೆ ಇದ್ದೆ. ಬಸಣ್ಣ ಕೆಂಪು ಧೂಳಿನಲ್ಲಿ ಮುಳುಗೆದ್ದವನಂತೆ ಇಳಿದ. ಕಾಯುತ್ತ ನಿಂತಿದ್ದ ಮಾನಪ್ಪ ಹೆಗಲ ಮೇಲಿನ ವಲ್ಲಿಬಟ್ಟೆಯಿಂದ ಅವನ ಮುಖ, ಕುತ್ತಿಗೆ ಒರೆಸಿದ. ಅಷ್ಟೇ ನಾನು ಕಂಡದ್ದು. ಸಂಜೆ ಕ್ಷೌರದ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು, ನನ್ನ ನಾಲಗೆ ತುರಿಸಿತು. “ಏನಂತೀರಿ, ಥೇಟ್ ಹೆಂಡ್ತಿ ಗಂಡನ ಮಾರಿ ಒರಸಿದಂಗ ಒರಸಿದ ನೋಡ್ರಿ” ಎಂದೆ. ಎಲ್ಲರೂ ನಕ್ಕರು. ನಗಿಸಿದ ಖುಷಿಯಲ್ಲಿ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮಾತಿಗೆ ಕಾಲು ಬಂದವು. ಮರುದಿನ ಪೇಟೆ ದಾಟುವ ಹೊತ್ತಿಗೆ ವಲ್ಲಿ ಹೋಗಿ ಸೆರಗಾಗಿತ್ತು. ಮೂರನೆಯ ದಿನ ಮಾನಪ್ಪ ಹಾಡುಹಗಲು ಸೀರೆ ಉಟ್ಟು ಮೋಟಾರಿಗೆ ಆರತಿ ಎತ್ತಿದ್ದ. ನಾಲ್ಕನೆಯ ದಿನ ಸಾಹುಕಾರ, “ನಮ್ಮದು ಮರ್ಯಾದಿ ಮನಿ” ಎಂದು ಹೇಳಿ ಇಬ್ಬರ ಗಂಟುಮೂಟೆ, ಹೊಲಿಗೆಯಂತ್ರ ಎಲ್ಲವನ್ನೂ ಬೀದಿಗಿಟ್ಟ. ಊರಲ್ಲಿ ಮತ್ತೊಂದು ಮನೆ ಅವರಿಗೆ ಸಿಗಲಿಲ್ಲ. ಮನೆ ಕೊಡುವವರೆಲ್ಲ ಕೇಳುವುದು ಸಂಸಾರಸ್ಥರನ್ನು. ಊರು ಬಿಡುವುದೊಂದೇ ಉಳಿದಿತ್ತು.

ನಾನು ನೇರ ಮನೆಗೆ ನಡೆದೆ. ಅವ್ವನ ಮುಂದೆ ನಡೆದದ್ದೆಲ್ಲ ಹೇಳಿದೆ. ಅವ್ವ, “ನಿನಗ ಸಾಲಿ ಕಲಿಸಿದ್ದು ತಪ್ಪಾತು” ಎಂದಳು. ಆಮೇಲೆ, “ನಮ್ಮ ಮುಂದಿನ ಕೋಣಿ ಖಾಲಿ ಅದಾವು, ಕರ್ಕೊಂಡ ಬಾ ಅವ್ರನ್ನ. ಆದ್ರ ನಾ ಸಂಸಾರಸ್ಥರಿಗಷ್ಟ ಕೊಡಾಕಿ. ಕೇಳೇ ಕೊಡತೀನಿ” ಎಂದಳು.

ಇಬ್ಬರೂ ಬಂದು ಕಟ್ಟೆಯ ಮೇಲೆ ಕೂತರು. ರಾಜನಾಗಿ ಸಭೆ ನಡುಗಿಸಿದ ಬಸಣ್ಣ ಅವ್ವನ ಮುಂದೆ ಪಾಠ ಒಪ್ಪಿಸುವವನಂತೆ ಕೈಕಟ್ಟಿದ್ದ.

“ಅಡಗಿ ಯಾರು ಮಾಡ್ತೀರಿ?” ಎಂದಳು ಅವ್ವ.

“ನಾ ಮಾಡ್ತೀನ್ರಿ ಅವ್ವಾರ” ಎಂದ ಮಾನಪ್ಪ. “ಉಪ್ಪು ಮಾತ್ರ ಇವ್ರು ಹಾಕ್ತಾರ. ನನಗ ಅಂದಾಜು ಸಿಗಂಗಿಲ್ಲ.”

“ಜಗಳಾ ಮಾಡ್ತೀರೇನು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಲ್ಲವೆಂದರೆ ಮನೆ ಸಿಗುತ್ತದೋ, ಹೌದೆಂದರೆ ಸಿಗುತ್ತದೋ ತಿಳಿಯದೆ ಬಸಣ್ಣ ಕೊನೆಗೆ ನಿಜವನ್ನೇ ಹೇಳಿದ: “ದಿನಾ ಮಾಡ್ತೀವ್ರಿ.”

“ಯಾತಕ್ಕ?”

“ಅದ ಉಪ್ಪಿಗೇ ರೀ.”

“ಮತ್ತ ಸಂಸಾರಸ್ಥರ ಅದೀರಲ್ಲ!” ಎಂದು ಅವ್ವ ಕೀಲಿಕೈ ತೆಗೆದು ಕಟ್ಟೆಯ ಮೇಲಿಟ್ಟಳು. ಒಳಗೆ ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಓಣಿಯ ಹಿರಿಯರು ಮರುದಿನ ವಿಚಾರಿಸಲು ಬಂದಾಗ ಅವ್ವ, “ಅವ್ರು ನಮ್ಮಲ್ಲಿ ಮನಿ ಕೇಳಾಕ ಬಂದಾರ, ಹೆಣ್ಣು ಕೇಳಾಕ ಬಂದಿಲ್ಲ” ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು.

ಈಗ ನೀವು ಕೇಳುತ್ತೀರಿ: ಒಂದೇ ಗೋಡೆಯಾಚೆ ಇದ್ದಾರಲ್ಲ, ಏನು ಕಂಡೆ, ಏನು ಕೇಳಿದೆ? ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ತಿಂಗಳು ಕಿವಿ ಕೊಟ್ಟೇ ಇದ್ದೆ. ಕೇಳಿದ್ದು ಹೊಲಿಗೆಯಂತ್ರದ ಸದ್ದು, ಬಸಣ್ಣನ ಕೆಮ್ಮು, ಸಾರಿಗೆ ಉಪ್ಪು ಹೆಚ್ಚಾಯಿತೆಂಬ ವಾದ. ಅತ್ತ ಗೋಡೆಯಾಚೆಯಿಂದ ಯಾರಾದರೂ ನನ್ನ ಮತ್ತು ನೀಲವ್ವನ ಮಾತಿಗೆ ಕಿವಿಯಿಟ್ಟಿದ್ದರೆ ಅವರಿಗೆ ಸಿಗುತ್ತಿದ್ದದ್ದೂ ಇಷ್ಟೇ. ಎರಡನೆಯ ತಿಂಗಳಿಗೆ ಬೇಸರ ಬಂತು.

ಆದರೆ ಮಾಡಿದ ತಪ್ಪು ಒಳಗೇ ಚುಚ್ಚುತ್ತಿತ್ತು. ಬಸಣ್ಣ ಊರಲ್ಲಿಲ್ಲದ ಒಂದು ಮಧ್ಯಾಹ್ನ, ಮಾನಪ್ಪ ನೀಲವ್ವನ ಕುಪ್ಪಸಕ್ಕೆ ತೋಳು ಜೋಡಿಸುತ್ತಿದ್ದಾಗ ಹೋಗಿ ಎದುರಿಗೆ ಕೂತೆ.

“ಮಾನಪ್ಪ, ಸಾಹುಕಾರ್ರ ಮನಿ ನಿಮಗ ತಪ್ಪಿದ್ದು ನನ್ನಿಂದ. ಮೋಟಾರ್ ಹತ್ರ ಕಂಡದ್ದನ್ನ ಆಡಿದಾವ ನಾನ.”

ಅವನು ಸೂಜಿಯಿಂದ ಕಣ್ಣೆತ್ತಲಿಲ್ಲ. “ಗೊತ್ತೈತ್ರಿ ಮಾಸ್ತರ್ರ.”

“ಗೊತ್ತಿದ್ದೂ ನಮ್ಮ ಮನಿಗೆ ಬಂದ್ರಿ?”

“ಸೀರಿ ಉಟ್ಟಿದ್ದ, ಆರತಿ ಎತ್ತಿದ್ದ ಅಂದವ್ರು ಬ್ಯಾರೇರು. ಅದನ್ನ ಕೇಳಿ ಭಾಳ ನೊಂದ್ಕೊಂಡೆ.” ದಾರ ಕಡಿದು, ತೋಳನ್ನು ಬೆಳಕಿಗೆ ಹಿಡಿದು ನೋಡಿದ. “ನೀವಂದದ್ದು, ಹೆಂಡ್ತಿ ಗಂಡನ ಮಾರಿ ಒರಸಿದಂಗ ಒರಸಿದ ಅಂತ. ಹದಿನಾಲ್ಕು ವರ್ಷ ಆತ್ರಿ ನಾವು ಕೂಡಿ ಇದ್ದು. ನಮ್ಮನ್ನ ನೋಡಿ ಅಷ್ಟು ಛಲೋ ಮಾತು ಯಾರೂ ಅಂದಿದ್ದಿಲ್ಲ.”

ಇಷ್ಟು ವರ್ಷ ಕುತೂಹಲದಿಂದ ಬೇಯುತ್ತಿದ್ದ ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಬಸಣ್ಣನನ್ನು ಕರೆತರುವ ಗಂಗಾವತಿಯ ಮೋಟಾರು ಬರುವ ಹೊತ್ತಾಗಿತ್ತು. ಮಾನಪ್ಪ ಎದ್ದು ಚಪ್ಪಲಿ ಮೆಟ್ಟಿದ. ಅವನು ಅಂಗಳಕ್ಕೆ ಇಳಿಯುವಷ್ಟರಲ್ಲಿ ಓಡಿಹೋಗಿ ನನ್ನ ಛತ್ರಿ ತಂದುಕೊಟ್ಟೆ.

“ಬಿಸಲ ಭಾಳ ಐತಿ” ಎಂದೆ. “ಬರಮುಂದ ಇಬ್ಬರೂ ಹಿಡ್ಕೊಂಡ ಬರ್ರಿ.”